ಅರ್ಧ ಊರು ಕಚ್ಚಿದ ಕೈ

ಅವರ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಲ್ಲಿನ ಗುರುತುಗಳಿಂದ ತುಂಬಿಹೋಗಿತ್ತು. ಸಣ್ಣಸಣ್ಣ ಬಾಗು ಗೆರೆಗಳು, ಎದುರುಬದುರು, ಜೋಡಿ ಜೋಡಿಯಾಗಿ. ಕೆಲವು ಮಾಸಿ ಬೆಳ್ಳಗಾದ ಹಳೆಯವು, ಕೆಲವು ಅದೇ ವಾರದ ಕೆಂಪಗಿನ ಹೊಸವು. ಬಲಗೈಯಲ್ಲಿ ಸೂಜಿ ಹಿಡಿದರೆ ಎಡಗೈಯಿಂದ ಮಗುವನ್ನು ತಬ್ಬಿ ಹಿಡಿಯಬೇಕಲ್ಲ, ಮಗುವಿನ ಬಾಯಿಗೆ ಸಿಗುವುದು ಆ ಕೈಯೇ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೂದಲು ನರೆಯುವವರೆಗೂ ಅವರು ಮಕ್ಕಳ ಡಾಕ್ಟರಾಗಿದ್ದರು. ಯಾರಾದರೂ ಕೈ ನೋಡಿ "ಏನ್ರೀ ಡಾಕ್ಟ್ರಮ್ಮಾ ಇದು?" ಎಂದರೆ, "ಅರ್ಧ ಊರು ಕಚ್ಚೈತಿ. ಇನ್ನರ್ಧ ಊರಿಗೆ ಆವಾಗ ಹಲ್ಲು ಬಂದಿರಲಿಲ್ಲ" ಎನ್ನುತ್ತಿದ್ದರು.

ಮಣಿಕಟ್ಟಿನ ಹತ್ತಿರದ ಒಂದು ಗುರುತು ನನ್ನದು. ನಾನಾಗ ಇನ್ನೂ ಅಂಗನವಾಡಿಯ ಕೂಸು. ಅವ್ವ ನನ್ನನ್ನು ಕಂಪ್ಲಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದಳು, ದಾರಿಯುದ್ದಕ್ಕೂ "ಸೂಜಿ ಇಲ್ಲ, ಬರೇ ಮಾತಾಡ್ಸಾಕ" ಎಂದು ಸುಳ್ಳು ಹೇಳುತ್ತ. ಸೂಜಿ ಕಂಡದ್ದೇ ನಾನು ಬಾಯಿ ಹಾಕಿದೆನಂತೆ. ಅವ್ವ ಗಾಬರಿಯಾಗಿ ನನ್ನ ತಲೆ ಹಿಡಿದು ಎಳೆಯಲು ಬಂದರೆ ಡಾಕ್ಟ್ರಮ್ಮ ತಡೆದರಂತೆ. "ಎಳೀಬ್ಯಾಡ್ರಿ. ಎಳೆದ್ರ ಚರ್ಮ ಹರೀತೈತಿ. ಆಕಿ ಬಿಡೂತನಕ ಇರ್ಲಿ. ಕಚ್ಚೋ ಕೂಸು ಬದುಕ್ತೈತಿ ಬಿಡ್ರಿ."

ಈ ಮಾತನ್ನು ಆಮೇಲೆ ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ. ಕಚ್ಚುವ, ಒದೆಯುವ, ಕಿರುಚಿ ಓಣಿ ಎಬ್ಬಿಸುವ ಮಕ್ಕಳನ್ನು ಕಂಡರೆ ಅವರ ಮುಖ ಅರಳುತ್ತಿತ್ತು. ಸುಮ್ಮನೆ ಕೂತು ಸೂಜಿ ಹಾಕಿಸಿಕೊಳ್ಳುವ ಮಗುವನ್ನು ತಾಯಂದಿರು "ಭಾಳ ಶಾಣ್ಯಾ ನೋಡ್ರಿ" ಎಂದು ಹೊಗಳಿದರೆ ಇವರು ನಗು ನಿಲ್ಲಿಸಿ ಅದರ ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಿದ್ದರು.

ಯಾರ ಹೆಸರನ್ನೂ ಅವರು ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದರು. ನಾನು "ಲೇ ಕಂಪ್ಲಿ". ಅವರ ಹತ್ತಿರ ಕೆಲಸಕ್ಕಿದ್ದ ಗಂಡು ನರ್ಸ್ ಸಂಡೂರಿನ ಕಡೆಯವನು, ಅವನು "ಲೇ ಸಂಡೂರ". ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲು ಪೇಪರಿನಲ್ಲಿ ಕಟ್ಟಿದ ಮಂಡಕ್ಕಿ ಒಗ್ಗರಣಿ, ಮೇಲೆ ಎರಡು ಮಿರ್ಚಿ ತಿನ್ನದಿದ್ದರೆ ಅವರ ಸ್ಟೆತೊಸ್ಕೋಪಿಗೆ ಏನೂ ಕೇಳಿಸುವುದಿಲ್ಲ ಎಂದು ಸಂಡೂರಿನವನು ಆಡಿಕೊಳ್ಳುತ್ತಿದ್ದ. ಎಲ್ಲದಕ್ಕೂ ಅವಸರ. ಲಸಿಕೆಯ ಡಬ್ಬಿಯಲ್ಲಿ ಮಂಜುಗಡ್ಡೆ ಇರುತ್ತದಲ್ಲ, ಅದು ಕರಗುವುದರೊಳಗೆ ಮಕ್ಕಳನ್ನು ಮುಟ್ಟಬೇಕು ಎನ್ನುವುದು ಅವರ ರಕ್ತಕ್ಕೇ ಇಳಿದುಬಿಟ್ಟಿತ್ತು. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಬಡಿಸುವವರಿಗೆ "ಜಲ್ದಿ ಬರ್ರಿ, ಐಸ್ ಕರಗಾಕತ್ತೈತಿ" ಎನ್ನುವ ಹೆಂಗಸು.

ಹುಟ್ಟಿದ್ದು ಹಂಪಿಯಲ್ಲಿ, ವೈಷ್ಣವ ಅರ್ಚಕರ ಮನೆಯಲ್ಲಿ. ಆಗಿನ ಕಾಲಕ್ಕೆ ಹೊಳೆಯ ಆಚೆ ದಡದ ಶಾಲೆಗೆ ಹರಿಗೋಲಿನಲ್ಲಿ ಹೋಗಿಬರುತ್ತಿದ್ದರಂತೆ. ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲು. ತೊಗಲು ಮುಟ್ಟಿ ಬಂದಳೆಂದು ಅವರ ಅಜ್ಜಿ ದಿನಾ ಬಾಗಿಲಲ್ಲೇ ನಿಲ್ಲಿಸಿ ತಲೆಗೆ ತಣ್ಣೀರು ಸುರಿಯುತ್ತಿದ್ದರು. "ವಿದ್ಯಾ ತಲಿಗೆ ಹತ್ತಿದ್ದು ಆ ನೀರಿನಿಂದನ" ಎಂದು ಡಾಕ್ಟ್ರಮ್ಮ ನಗುತ್ತಿದ್ದರು. ಹುಟ್ಟು ಹಾಕುವುದನ್ನು ಅಂಬಿಗರಿಂದ ಕಲಿತಿದ್ದೆ, ಹರಿಗೋಲು ಹೆಣೆಯುವುದನ್ನೂ ಕಲಿತಿದ್ದೆ ಎಂದು ಕೊಚ್ಚಿಕೊಳ್ಳುತ್ತಿದ್ದರು. ಮೊದಲನೆಯದು ನಿಜ. ಎರಡನೆಯದರ ಕಥೆ ಮುಂದೆ ಬರುತ್ತದೆ.

ನಾನು ಓದು ಮುಗಿಸಿ ತೋರಣಗಲ್ಲಿನ ಕಾರ್ಖಾನೆ ಸೇರಿದೆ. ಲಾರಿಗಳಿಗೆ ಸಾಮಾನು ಹೇರಿಸಿ, ಯಾವುದು ಎಲ್ಲಿಗೆ ಯಾವ ಹೊತ್ತಿಗೆ ತಲುಪಬೇಕು ಎಂದು ನೋಡಿಕೊಳ್ಳುವ ವಿಭಾಗ. ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಬರುವುದು, ಮರುದಿನ ಮತ್ತೆ ಹೋಗುವುದು. ಇಂಥ ನನ್ನನ್ನು ಹುಡುಕಿಕೊಂಡು ಡಾಕ್ಟ್ರಮ್ಮ ಒಂದು ಭಾನುವಾರ ಕಂಪ್ಲಿಗೇ ಬಂದರು. ನಮ್ಮದು ಅಕ್ಕಿ ಗಿರಣಿ. ಅಪ್ಪ ಕುರ್ಚಿ ತರಿಸುವುದರೊಳಗೆ ಅವರು ಭತ್ತದ ಚೀಲದ ಮೇಲೆ ಕೂತಾಗಿತ್ತು.

ಯುದ್ಧ ನಡೆಯುವ ದೇಶಗಳಿಗೆ ಮಕ್ಕಳ ಚಿಕಿತ್ಸೆಗೆಂದು ಅವರು ಒಂದು ಪರಿಹಾರ ಸಂಸ್ಥೆಯ ಜೊತೆ ಮೊದಲಿನಿಂದಲೂ ಹೋಗುತ್ತಿದ್ದರು. ಈ ಸಲ ತಂಡದ ಮುಖ್ಯಸ್ಥರೇ ಅವರು, ಜೊತೆಗೆ ಸಂಡೂರಿನವನೂ ಹೊರಟಿದ್ದ. "ಔಷಧಿ, ಡೇರೆ, ಮಕ್ಕಳ ಊಟ, ಎಲ್ಲಾ ಹೊತ್ತಿಗೆ ಸರಿಯಾಗಿ ಮುಟ್ಟಸೋರು ಒಬ್ರು ಬೇಕಾಗ್ಯಾರ. ಈಕಿ ಕಬ್ಬಿಣ ಮುಟ್ಟಸ್ತಾಳ, ಹಾಲಿನ ಪುಡಿ ಮುಟ್ಟಸಂಗಿಲ್ಲೇನು?" ಎಂದರು ಅಪ್ಪನಿಗೆ. ಅಪ್ಪ ಅವ್ವನ ಮುಖ ನೋಡಿದ.

"ಅಲ್ಲಿ ಗುಂಡು ಹಾರ್ತಾವಂತಲ್ರೀ ಡಾಕ್ಟ್ರಮ್ಮಾ?" ಎಂದಳು ಅವ್ವ.

"ಹಾರ್ತಾವ. ಹಾರದ ಜಾಗದಾಗ ಡಾಕ್ಟ್ರು ಅದಾರ, ಅಲ್ಲಿಗೆ ನಾವ್ಯಾಕ?"

"ಮದಿವಿ ಆಗದ ಹುಡಿಗಿ..."

"ಅಲ್ಲೇನು ವರ ಸಿಗಂಗಿಲ್ಲ, ಹೆದರಬ್ಯಾಡ್ರಿ. ಹೆಂಗ ಕರಕೊಂಡು ಹೋಗ್ತೀನಿ, ಹಂಗ ತಂದು ಒಪ್ಪಸ್ತೀನಿ." ಆಮೇಲೆ ಮಣಿಕಟ್ಟು ಮುಂದೆ ಚಾಚಿದರು. "ನೋಡ್ರಿ, ಈಕಿ ನನಗ ಸಿಕ್ಕಾ ಒತ್ತಿ ಕೊಟ್ಟು ಭಾಳ ವರ್ಷ ಆತು."

ಅವ್ವ ನಕ್ಕುಬಿಟ್ಟಳು. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ. ನನ್ನನ್ನು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಾನು ಗಿರಣಿಯ ಹಿಂದೆ ಹೋಗಿ ಒಬ್ಬಳೇ ಕುಣಿದೆ. ಹೊರಡುವ ದಿನ ಅವ್ವ ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಗಂಟು ಕಟ್ಟಿ ಕೊಟ್ಟು ಅತ್ತಳು. ಡಾಕ್ಟ್ರಮ್ಮ ಜೀಪಿನಿಂದ ತಲೆ ಹೊರಗೆ ಹಾಕಿ "ಐಸ್ ಕರಗಾಕತ್ತೈತಿ" ಎಂದು ಕೂಗಿದರು. ಜೀಪಿನಲ್ಲಿ ಮಂಜುಗಡ್ಡೆಯೇ ಇರಲಿಲ್ಲ.

ಆ ದೇಶದ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ನಮ್ಮವರಿದ್ದಾರೆ, ಇನ್ನೂ ಹೋಗಬೇಕಾದವರಿದ್ದಾರೆ. ಒಂದು ಅಗಲವಾದ ಕಂದು ಹೊಳೆ. ಈ ದಡದಲ್ಲಿ ಸರ್ಕಾರದ ಸೇನೆ, ಆ ದಡದಲ್ಲಿ ಅದರ ಮೇಲೆ ತಿರುಗಿಬಿದ್ದವರು. ಈ ದಡದ ಬಯಲಿನಲ್ಲಿ ನಮ್ಮ ಡೇರೆಗಳು. ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುವುದು, ತೋಳು ತೀರಾ ಸಣಕಲಾಗಿ ಪಟ್ಟಿ ಕೆಂಪಿಗೆ ಬಂದರೆ ಡೇರೆಯಲ್ಲಿ ಉಳಿಸಿಕೊಂಡು ಹಾಲು, ಶೇಂಗಾ ಅರೆದು ಮಾಡಿದ ಪೌಷ್ಟಿಕ ಆಹಾರ ತಿನ್ನಿಸುವುದು, ಲಸಿಕೆ ಹಾಕುವುದು. ಡಾಕ್ಟ್ರಮ್ಮ ಆ ಮಕ್ಕಳ ಭಾಷೆಯ ಒಂದಕ್ಷರ ಬಾರದೆ ನಮ್ಮ ಕನ್ನಡದಲ್ಲೇ ಬೈಯುತ್ತ ಮುದ್ದಿಸುತ್ತ ಇದ್ದರು. ಮಕ್ಕಳಿಗೆ ಅದು ತಿಳಿಯುತ್ತಿತ್ತು. ದೊಡ್ಡವರ ಜೊತೆ ಮಾತಾಡಲು ಅಲ್ಲಿನ ಒಬ್ಬ ಶಾಲಾ ಟೀಚರಮ್ಮ ದುಭಾಷಿಯಾಗಿ ನಮ್ಮ ಜೊತೆಗಿದ್ದರು. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು.

ಆ ದಡದ ಹಳ್ಳಿಗಳಲ್ಲಿ ದಡಾರ ಹಬ್ಬಿದೆ ಎಂಬ ಸುದ್ದಿ ತಂದದ್ದೂ ಅವರೇ. ಅನ್ನವಿಲ್ಲದೆ ಸೊರಗಿದ ಮಕ್ಕಳಿಗೆ ದಡಾರ ಬಂದರೆ ಏನಾಗುತ್ತದೆ ಎಂದು ಡಾಕ್ಟ್ರಮ್ಮ ವಿವರಿಸಿ ಹೇಳಲಿಲ್ಲ. ಎದ್ದು ಹೊಳೆಯ ಕಡೆ ಹೋಗಿ ನಿಂತರು. ಸೇತುವೆ ನಡುವೆ ಮುರಿದು ನೀರಿಗೆ ಬಿದ್ದಿತ್ತು. ನಾನು ಕಂಪ್ಲಿಯವಳು, ಹೊಳೆ ತುಂಬಿ ನಮ್ಮ ಸೇತುವೆ ಮುಳುಗಿದಾಗಲೆಲ್ಲ ಆಚೆ ದಡ ಎಷ್ಟು ದೂರವಾಗುತ್ತದೆಂದು ನೋಡಿದವಳು. ಆದರೆ ನಮ್ಮಲ್ಲಿ ನೀರು ಇಳಿಯುತ್ತದೆ.

ಮುಂದಿನ ಹದಿನೈದು ದಿನ ಡಾಕ್ಟ್ರಮ್ಮ ಈ ದಡದ ಸೇನಾಧಿಕಾರಿಯ ಬೆನ್ನು ಬಿಡಲಿಲ್ಲ. ಆ ದಡದವರ ಜೊತೆ ಟೀಚರಮ್ಮನ ಮೂಲಕ ರೇಡಿಯೋದಲ್ಲಿ ಮಾತು. ಕೊನೆಗೆ ಎರಡೂ ಕಡೆಯವರು ಒಪ್ಪಿದರು: ಒಂದು ವಾರ ಗುಂಡು ಹಾರಿಸುವುದಿಲ್ಲ, ಲಸಿಕೆ ಹೋಗಲಿ. ಆದರೆ ಹೇಗೆ ಹೋಗುವುದು? ಒಬ್ಬರಿಗೊಬ್ಬರು ಹೆದರಿ ಇದ್ದಬದ್ದ ದೋಣಿಗಳನ್ನೆಲ್ಲ ಸುಟ್ಟಿದ್ದರು. ಎಂಜಿನ್ನಿನ ದೋಣಿ ತರಿಸುತ್ತೇವೆ ಎಂದರೆ ಇಬ್ಬರೂ ಬೇಡ ಎಂದರು.

"ಹರಗೋಲ" ಎಂದರು ಡಾಕ್ಟ್ರಮ್ಮ. ಊಟ ಮಾಡುತ್ತಿದ್ದವರು ರೊಟ್ಟಿ ಹಿಡಿದ ಕೈಯಲ್ಲೇ ಎದ್ದು ನಿಂತರು. "ಎಂಜಿನ್ ಇಲ್ಲ, ಮುಂದ ಇಲ್ಲ, ಹಿಂದ ಇಲ್ಲ. ಹರಗೋಲದಾಗ ಕುಂತು ಯಾರಾದ್ರೂ ಯಾರ ಮ್ಯಾಲಾದ್ರೂ ಯುದ್ಧಕ್ಕ ಹೋಗ್ಯಾರೇನು? ಟೀಚರಮ್ಮಗ ಹೇಳು ಕಂಪ್ಲಿ, ಇವತ್ತ ಶುರು ಮಾಡೋಣ."

ನನಗೆ ರೋಮಾಂಚನವಾಯಿತು. ಕಾರ್ಖಾನೆಯ ಯಾವ ಶಿಫ್ಟಿನಲ್ಲೂ ಹಾಗೆ ಓಡಾಡಿದವಳಲ್ಲ. ಬಿದಿರು ನಾನು ತರಿಸಿದೆ. ಡೇರೆಯ ಬಿಳಿ ಟಾರ್ಪಾಲು ನಾನು ಬಿಚ್ಚಿದೆ. ಅರ್ಧಕ್ಕೆ ನಿಂತ ರಸ್ತೆಯ ಪಕ್ಕ ಬಿದ್ದಿದ್ದ ಡಾಂಬರಿನ ಡಬ್ಬಿಯನ್ನು ಸಂಡೂರಿನವನು ಉರುಳಿಸಿಕೊಂಡು ಬಂದ. ಡಾಕ್ಟ್ರಮ್ಮ ಸೀರೆ ಸೆರಗು ಸಿಕ್ಕಿಸಿ ಹೆಣೆಯಲು ಕೂತರು. ಎರಡು ದಿನ ಹೆಣೆದರು. ಎತ್ತಿ ನಿಲ್ಲಿಸಿದರೆ ಅದು ಬುಟ್ಟಿಯಾಗಿರಲಿಲ್ಲ, ಮೊರವಾಗಿತ್ತು. "ಇಲ್ಲಿ ಬಿದಿರು ಸರಿ ಇಲ್ಲ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಸಂಡೂರಿನವನು ಮೆಲ್ಲಗೆ ಅಂದದ್ದು ಅವರಿಗೆ ಕೇಳಿಸಿತು. ಅವನಿಗಿಂತ ಜೋರಾಗಿ ಅವರೇ ನಕ್ಕರು. ಆಮೇಲೆ ಡೇರೆಯಲ್ಲಿ ಮಕ್ಕಳನ್ನು ಮಲಗಿಸಿಕೊಂಡಿದ್ದ ತಾಯಂದಿರು ಬಂದು ಸುತ್ತ ಕೂತರು. ಅವರಲ್ಲೂ ಕಾಳು ತುಂಬುವ ದೊಡ್ಡ ಬುಟ್ಟಿ ಹೆಣೆಯುತ್ತಾರೆ. ಡಾಕ್ಟ್ರಮ್ಮ ಕೈಯಿಂದ ಗಾಳಿಯಲ್ಲಿ ಆಕಾರ ತೋರಿಸಿದರು, ಅವರು ಹೆಣೆದರು. ಟಾರ್ಪಾಲು ಹೊದಿಸಿ, ಹಂಪಿಯಲ್ಲಿ ಮಾಡುವಂತೆ ಅದರ ಮೇಲೆ ಗಟ್ಟಿಯಾಗಿ ಡಾಂಬರು ಬಳಿದೆವು. ಕರ್ರಗೆ ಮಿಂಚಿತು. ನಾವು ಮೂವರೂ ಅದನ್ನು ನೋಡಿ ನೋಡಿ ಹಿಗ್ಗಿದೆವು.

ಆ ಹಿಗ್ಗಿನಲ್ಲಿ ಒಂದು ವಿಷಯ ಮೂವರಿಗೂ ಹೊಳೆಯಲಿಲ್ಲ. ಯುದ್ಧದ ಊರಿನಲ್ಲಿ ನಮ್ಮಂಥವರ ಗಾಡಿ, ಡೇರೆ, ಅಂಗಿ ಎಲ್ಲ ಬಿಳಿಯಾಗಿರಬೇಕು, ಮೇಲೆ ಸಂಸ್ಥೆಯ ಗುರುತಿರಬೇಕು. ಬಂದೂಕಿನವನಿಗೆ ದೂರದಿಂದಲೇ ಗೊತ್ತಾಗಬೇಕು. ನಾವು ರೇಡಿಯೋದಲ್ಲಿ ಹೇಳಿದ್ದರಿಂದ ಆ ದಡದವರು ಬಿಳಿ ದೋಣಿಯೊಂದು ಬರುತ್ತದೆಂದು ಕಾಯುತ್ತಿದ್ದರು. ನಾವು ಆ ಗುರುತಿನ ಮೇಲೇ ಡಾಂಬರು ಬಳಿದಿದ್ದೆವು. ಸಾಲದ್ದಕ್ಕೆ, ಹಂಪಿಯ ದಡದಲ್ಲಿ ಅಂಬಿಗರು ಹರಿಗೋಲು ಒಯ್ಯುವಂತೆ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಹೊರಟೆವು. ಮುಂದೆ ಡಾಕ್ಟ್ರಮ್ಮ, ಹಿಂದೆ ನಾನು ಮತ್ತು ಸಂಡೂರಿನವನು. ಹೊರಗಿನಿಂದ ನೋಡಿದವರಿಗೆ ಏನು ಕಂಡಿರಬೇಕು? ದೊಡ್ಡದೊಂದು ಕರಿ ಗುಮ್ಮಟ, ಕೆಳಗೆ ಆರು ಕಾಲು, ಸೀದಾ ಹೊಳೆಯ ಕಡೆ ನಡೆದು ಬರುತ್ತಿದೆ.

ಢಂ ಎಂದಿತು.

ಆ ದಡದವರು ಮೇಲಕ್ಕೆ ಹಾರಿಸಿದ ಗುಂಡು ಎಂದು ಆಮೇಲೆ ತಿಳಿಯಿತು. ಮುಂದಿನಿಂದ ಡಾಕ್ಟ್ರಮ್ಮನ ದನಿ ಬಂತು, ಕ್ಲಿನಿಕ್ಕಿನಲ್ಲಿ ಬರುವಂಥ ದನಿಯೇ. "ಯಾರೂ ಓಡಬ್ಯಾಡ್ರಿ. ನಿಧಾನಕ್ಕ ಕುಂದ್ರಿ." ಕೂತೆವು. ಕೋಳಿಯ ಮೇಲೆ ಬುಟ್ಟಿ ಮುಚ್ಚಿದಂತೆ ಹರಿಗೋಲು ನಮ್ಮ ಮೇಲೆ ಮುಚ್ಚಿಕೊಂಡಿತು. ಒಳಗೆ ಕತ್ತಲೆ, ಡಾಂಬರಿನ ವಾಸನೆ.

"ತಪ್ಪಾತು ನೋಡ್ರಲೇ" ಎಂದರು ಕತ್ತಲಲ್ಲಿ. "ಇದು ಹಂಪಿ ಅಲ್ಲ."

ಹೊರಗೆ ಟೀಚರಮ್ಮ ಬಿಳಿ ಸ್ಕಾರ್ಫ್ ಬೀಸಿ ಕೂಗುತ್ತಿದ್ದರು. ಸೇನಾಧಿಕಾರಿ ರೇಡಿಯೋದಲ್ಲಿ ಮಾತಾಡಿ ಮುಖ ಗಂಟು ಹಾಕಿಕೊಂಡು ಬಂದ. ಆ ದಡದವರು ಒಲ್ಲೆ ಎನ್ನುತ್ತಿದ್ದಾರೆ, ಅದೇನೋ ಆಯುಧ ಎಂದು ಅವರಿಗೆ ಅನುಮಾನ, ವಾಪಸು ನಡೆಯಿರಿ ಎಂದ. ಲಸಿಕೆಯ ಡಬ್ಬಿಗಳ ಮಂಜುಗಡ್ಡೆ ಸಂಜೆಯವರೆಗೆ ಬಂದರೆ ಹೆಚ್ಚು. ಹೊಸ ಮಂಜುಗಡ್ಡೆ, ಹೊಸ ಲಸಿಕೆ ತರಿಸಬೇಕೆಂದರೆ ಒಪ್ಪಂದದ ವಾರ ಮುಗಿದುಹೋಗುತ್ತದೆ. ಅದನ್ನು ಹೊತ್ತಿಗೆ ಮುಟ್ಟಿಸುವುದು ನನ್ನ ಕೆಲಸವಾದ್ದರಿಂದ ಆ ಲೆಕ್ಕ ನನಗೇ ಚೆನ್ನಾಗಿ ಗೊತ್ತಿತ್ತು. ನಾನು ಅಳುವ ಹಾಗಿದ್ದೆ.

ಡಾಕ್ಟ್ರಮ್ಮ ಎದ್ದು ಸೀರೆಯ ಮಣ್ಣು ಕೊಡವಿಕೊಂಡರು. "ನಾ ಒಬ್ಬಾಕಿ ಹೋಗ್ತೀನಿ. ಖಾಲಿ ಹರಗೋಲ. ನಡುನೀರಿನ ತನಕ ಅಷ್ಟ. ಅವರು ಕಣ್ತುಂಬ ನೋಡ್ಲಿ. ಆಮ್ಯಾಲೂ ಒಲ್ಲೆ ಅಂದ್ರ ವಾಪಸ್ ಬರ್ತೀನಿ. ಹಿಂಗಂತ ಹೇಳು."

ಟೀಚರಮ್ಮನ ಬಾಯಿಂದ ಅದು ಅಧಿಕಾರಿಗೆ, ಅಧಿಕಾರಿಯಿಂದ ರೇಡಿಯೋಕ್ಕೆ ಹೋಗಿ ಉತ್ತರ ಬರುವವರೆಗೆ ಅವರು ದಡದಲ್ಲಿ ಹುಟ್ಟು ಹಿಡಿದು ನಿಂತೇ ಇದ್ದರು. ಐವತ್ತೆಂಟರ ಹೆಂಗಸು, ಸೊಂಟಕ್ಕೆ ಸೆರಗು, ಮೇಲೆ ಸಂಸ್ಥೆಯ ಬಿಳಿ ಕೋಟು. ಬರಲಿ ಎಂದರು ಆ ದಡದವರು, ಒಬ್ಬಳೇ.

ಅವರು ಹತ್ತಿ ಮೊಣಕಾಲೂರಿ ಕೂತು ಹುಟ್ಟು ಹಾಕಿದರು. ಹರಿಗೋಲು ಒಂದು ಸಲ ಓಲಾಡಿ ನೀರು ಹಿಡಿಯಿತು. ದಡದ ತಾಯಂದಿರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಡುನೀರಿಗೆ ಹೋದವರೇ ನಿಂತರು. ಆ ಕಡೆ ಜೊಂಡು ಹುಲ್ಲಿನ ಮೇಲೆ ಬಂದೂಕಿನ ತುದಿಗಳು ಕಾಣುತ್ತಿದ್ದವು. ಈ ಕಡೆಯೂ ಅಷ್ಟೇ. ಎರಡರ ನಡುವೆ ಅವರು.

ಆಮೇಲೆ ಅವರು ಮಾಡಿದ್ದನ್ನು ನೆನೆದರೆ, ಈಗ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರೂ ಎದ್ದು ನಿಲ್ಲುವ ಹಾಗಾಗುತ್ತದೆ. ಹಂಪಿಯಲ್ಲಿ ಪ್ರವಾಸಿಗರನ್ನು ನಗಿಸಲು ಅಂಬಿಗರು ನಡುಹೊಳೆಯಲ್ಲಿ ಹರಿಗೋಲನ್ನು ಗಿರಗಿರ ತಿರುಗಿಸುತ್ತಾರೆ. ಡಾಕ್ಟ್ರಮ್ಮ ಹುಟ್ಟನ್ನು ಒಂದೇ ಮಗ್ಗುಲಿಗೆ ಒತ್ತಿ ತಿರುಗಿಸಲು ಶುರು ಮಾಡಿದರು. ಮೊದಲು ನಿಧಾನಕ್ಕೆ, ಹರಿಗೋಲಿನ ಅಂಚು ಬಾಗಿಸಿ, ಒಳಗೇನೂ ಇಲ್ಲ ಎಂದು ಎರಡೂ ದಡಕ್ಕೆ ಕಾಣುವಂತೆ. ಆಮೇಲೆ ಜೋರಾಗಿ. ಇನ್ನೂ ಜೋರಾಗಿ. ಬಿಳಿ ಕೋಟು, ನರೆಗೂದಲು, ಸೀರೆಯ ಹಸಿರು ಅಂಚು ಎಲ್ಲ ಒಂದಾಗಿ ತಿರುಗಿದವು. ನೀರು ಸುತ್ತಲೂ ಚಿಮ್ಮಿತು.

ಆ ದಡದ ಜೊಂಡಿನಿಂದ ಒಂದು ಮಗು ನಕ್ಕಿತು.

ನೀರಿನ ಮೇಲೆ ಆ ನಗು ಸ್ಪಷ್ಟವಾಗಿ ನಮ್ಮವರೆಗೆ ಬಂತು. ಹಿಂದೆಯೇ ಇನ್ನೊಂದು. ಆಮೇಲೆ ಜೊಂಡು ಸರಿಸಿಕೊಂಡು ಮಕ್ಕಳು ಹೊರಬಂದರು, ಅಮ್ಮಂದಿರು ಹಿಂದಿನಿಂದ ಅಂಗಿ ಹಿಡಿದೆಳೆಯುತ್ತಿದ್ದರೂ ಬಿಡಿಸಿಕೊಂಡು, ನೀರಿನ ಅಂಚಿನವರೆಗೆ. ಕುಣಿದರು, ಚಪ್ಪಾಳೆ ತಟ್ಟಿದರು. ಅವರ ಹಿಂದೆ ಗಡ್ಡದ ಒಬ್ಬ ಮುದುಕ ಬಂದೂಕು ಹೆಗಲಿಗೇರಿಸಿ ನಿಂತ. ಆ ಕಡೆಯವರ ಹಿರಿಯ ಅವನೇ. ಕೈ ಎತ್ತಿ ಬನ್ನಿ ಎನ್ನುವಂತೆ ಬೀಸಿದ. ನಾನೂ ಸಂಡೂರಿನವನೂ ಒಬ್ಬರನ್ನೊಬ್ಬರು ಹಿಡಿದು ಕುಣಿದೆವು. ಸೇನಾಧಿಕಾರಿ ಕ್ಯಾಪು ತೆಗೆದು ತಲೆ ಕೆರೆದುಕೊಂಡ.

ಡಾಕ್ಟ್ರಮ್ಮನಿಗೆ ಮಾತ್ರ ಹರಿಗೋಲು ನಿಲ್ಲಿಸಲು ಆಗುತ್ತಿರಲಿಲ್ಲ. ಹೇಗೋ ನಿಲ್ಲಿಸಿ ವಾಪಸು ಬಂದವರು ದಡಕ್ಕೆ ಕಾಲಿಟ್ಟದ್ದೇ ವಾಂತಿ ಮಾಡಿಕೊಂಡರು. ನೀರು ಕೊಟ್ಟೆ. ಬಾಯಿ ಮುಕ್ಕಳಿಸಿ, "ಈ ವಯಸ್ಸಿನಾಗ ತಿರಗಬಾರದು" ಎಂದರು. "ಡಬ್ಬಿ ಹೇರ್ರಲೇ, ಏನ್ ನೋಡ್ಕೋತ ನಿಂತೀರಿ, ಐಸ್ ಕರಗಾಕತ್ತೈತಿ."

ಆ ದಿನ ಆ ದಡದಲ್ಲಿ ನಡೆದದ್ದು ಲಸಿಕೆಯ ಶಿಬಿರ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಹರಿಗೋಲು ಹತ್ತಬೇಕು. ಡಾಕ್ಟ್ರಮ್ಮ ಅಲ್ಲೇ ಕಾನೂನು ಮಾಡಿದರು: ಮೊದಲು ಸೂಜಿ, ಆಮೇಲೆ ಸುತ್ತು. ಸೂಜಿಗೆ ಅತ್ತ ಮಗು ಕಣ್ಣೀರು ಒರೆಸಿಕೊಳ್ಳುತ್ತಲೇ ಓಡಿ ಹೋಗಿ ಹರಿಗೋಲಿನ ಸಾಲಿನಲ್ಲಿ ನಿಲ್ಲುತ್ತಿತ್ತು. ಸಂಡೂರಿನವನು ದಡದ ಸೆಳವಿಲ್ಲದ ನೀರಿನಲ್ಲಿ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು ಎಂದು ಗೋಳಾಡಿದ. ಡಾಕ್ಟ್ರಮ್ಮನ ಎಡಗೈ ತುಂಬ ಹೊಸ ಗುರುತುಗಳು. ಒಂದೊಂದು ಬಿದ್ದಾಗಲೂ "ಭೇಷ್, ಮಸ್ತ್ ಕಚ್ಚಿದಿ" ಎನ್ನುವರು.

ಸಂಜೆಗೆ, ಡಬ್ಬಿ ಮುಚ್ಚುವ ಹೊತ್ತಿಗೆ, ಒಬ್ಬ ಅಜ್ಜಿ ಒಂದು ಹುಡುಗಿಯನ್ನು ಹೊತ್ತು ತಂದಳು. ಮೂರು ವರ್ಷ ಇರಬಹುದು, ನೋಡಿದರೆ ಒಂದರ ಕೂಸು. ತೋಳಿನ ಪಟ್ಟಿ ಕೆಂಪಿಗೆ ಹೋಗಿ ಕೂತಿತು. ಅದು ಹರಿಗೋಲಿನ ಕಡೆ ತಿರುಗಿಯೂ ನೋಡಲಿಲ್ಲ, ಸೂಜಿ ಚುಚ್ಚಿದಾಗ ಅಳಲೂ ಇಲ್ಲ. ಡಾಕ್ಟ್ರಮ್ಮ ಮಣಿಕಟ್ಟನ್ನು ಅದರ ತುಟಿಯ ಹತ್ತಿರ ಇಟ್ಟು ಕಾದರು. ಬೆಳಗಿನಿಂದ ನಗುತ್ತಿದ್ದ ಮುಖ ಇಳಿದುಹೋಯಿತು.

"ಇದು ಕಚ್ಚಂಗಿಲ್ಲಲೇ ಕಂಪ್ಲಿ" ಎಂದರು. "ಡೇರೆಗೆ ಒಯ್ಯಬೇಕು."

ಒಯ್ಯುವಂತಿರಲಿಲ್ಲ. ಔಷಧಿ, ಡಾಕ್ಟರು ದಾಟಬಹುದು, ಊರ ಜನ ದಾಟಬಾರದು ಎನ್ನುವುದು ಎರಡೂ ಕಡೆಯ ಶರತ್ತು. ಗಡ್ಡದ ಹಿರಿಯ ಅದನ್ನೇ ಹೇಳಿದ. ಟೀಚರಮ್ಮ ಬೇಡಿಕೊಂಡರು. ಅವನು ಬೇರೆ ಕಡೆ ನೋಡಿದ. ಆಗ ಡಾಕ್ಟ್ರಮ್ಮ ಕೋಟಿನ ತೋಳು ಮಡಚಿ ಆ ಕೈಯನ್ನು ಅವನ ಮುಂದೆ ಹಿಡಿದರು.

"ಕೇಳ್ರಿ ಟೀಚರಮ್ಮಾ, ಹೇಳ್ರಿ ಈ ಹಿರ್ಯಾಗ" ಎಂದು ಕನ್ನಡದಲ್ಲೇ ಶುರು ಮಾಡಿದರು. ನಾನು ಇಂಗ್ಲಿಷಿಗೆ, ಟೀಚರಮ್ಮ ಅವರ ಭಾಷೆಗೆ. "ಇವೆಲ್ಲಾ ಮಕ್ಕಳು ಕಚ್ಚಿದ್ದು. ಕಚ್ಚಿದಾವೆಲ್ಲಾ ಬದುಕ್ಯಾವ. ಈ ಒಂದು ಕೂಸಿಗೆ ಕಚ್ಚೋ ಶಕ್ತಿ ಇಲ್ಲ. ಅಷ್ಟು ಶಕ್ತಿ ಬರಿಸಿ ವಾಪಸ್ ಕಳಸ್ತೀನಿ."

ಮುದುಕ ಆ ಗುರುತುಗಳನ್ನು ಹತ್ತಿರದಿಂದ ನೋಡಿದ. ಮಣಿಕಟ್ಟಿನ ಬಳಿಯ ಒಂದರ ಮೇಲೆ ಬೆರಳಿಟ್ಟು ಏನೋ ಕೇಳಿದ. ಇದು ಯಾರದು ಎಂದು ಕೇಳುತ್ತಿದ್ದಾರೆ ಎಂದರು ಟೀಚರಮ್ಮ. ಡಾಕ್ಟ್ರಮ್ಮ ನನ್ನ ಕಡೆ ಬೊಟ್ಟು ಮಾಡಿದರು.

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಡಾಂಬರು ಮೆತ್ತಿದ ಕೈ, ಬಿಸಿಲಿಗೆ ಸುಟ್ಟ ಮೂಗು, ಎರಡು ಜಡೆ. ಗಡ್ಡದೊಳಗೆ ನಕ್ಕ. ಆಮೇಲೆ ರೇಡಿಯೋ ತೆಗೆದುಕೊಂಡು ಈ ದಡದ ಅಧಿಕಾರಿಯನ್ನು, ಇಷ್ಟು ವರ್ಷ ಯಾರ ಮೇಲೆ ಗುಂಡು ಹಾರಿಸುತ್ತಿದ್ದನೋ ಅವನನ್ನು, ತಾನೇ ಕೇಳಿದ. ಒಬ್ಬ ಅಜ್ಜಿ, ಒಂದು ಮಗು ದಾಟುತ್ತಾರೆ, ನಿನ್ನ ಕಡೆಯಿಂದ ತಕರಾರು ಇದೆಯೇ ಎಂದು. ತಕರಾರಿಲ್ಲ ಎಂದಿತು ರೇಡಿಯೋ. ಹರಿಗೋಲಿನಲ್ಲಿ ಆ ಹುಡುಗಿಯನ್ನು ಮಡಿಲಲ್ಲಿಟ್ಟುಕೊಂಡು ಹೊಳೆ ದಾಟಿದವಳು ನಾನು. ಎಷ್ಟು ಹಗುರವಿದ್ದಳೆಂದರೆ ಮೇಲಿಂದ ಮೇಲೆ ಮಡಿಲು ನೋಡಿಕೊಳ್ಳುತ್ತಿದ್ದೆ.

"ಇದು ನಿನ್ನ ಕೂಸು" ಎಂದು ಡಾಕ್ಟ್ರಮ್ಮ ನನಗೇ ಒಪ್ಪಿಸಿದರು. ಚಮಚದಲ್ಲಿ ಹಾಲು, ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ, ಹೆಚ್ಚಾದರೆ ಅದೇ ಮುಳುವಾಗುತ್ತದೆ. ಅಜ್ಜಿ ಪಕ್ಕದಲ್ಲೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಹುಡುಗಿ ನುಂಗುತ್ತಿದ್ದಳು, ಅಷ್ಟೇ. ಅತ್ತಿತ್ತ ನೋಡುವುದಿಲ್ಲ, ಬೇಕು ಬೇಡ ಎನ್ನುವುದಿಲ್ಲ. ಡಾಕ್ಟ್ರಮ್ಮ ಬಂದವರೇ ಮಣಿಕಟ್ಟು ತುಟಿಗಿಟ್ಟು ನೋಡಿ, ಮುಂದಿನ ಹಾಸಿಗೆಗೆ ಹೋಗುವರು. ನನಗೆ ಊಟ ಸೇರುತ್ತಿರಲಿಲ್ಲ.

ಆಮೇಲೊಂದು ಬೆಳಿಗ್ಗೆ, ಹಾಲು ಕುಡಿದ ಮೇಲೆ, ಶೇಂಗಾದ ಆ ಆಹಾರವನ್ನು ಬೆರಳ ತುದಿಯಲ್ಲಿ ಅವಳ ನಾಲಿಗೆಗೆ ಸವರಿದೆ. ನೆಕ್ಕಿದಳು. ಇನ್ನೊಮ್ಮೆ ಸವರಿದೆ. ಬೆರಳು ಹಿಂದಕ್ಕೆ ತೆಗೆಯಲು ಹೋದಾಗ ಅವಳಿಗೆ ಸಿಟ್ಟು ಬಂತು, ಕಚಕ್ಕನೆ ಕಚ್ಚಿಬಿಟ್ಟಳು. ನಾನು ಕಿಟಾರನೆ ಕಿರುಚಿದೆ. ಏನೋ ಆಗಬಾರದ್ದು ಆಯಿತೆಂದು ಡಾಕ್ಟ್ರಮ್ಮ ಚಪ್ಪಲಿ ಕೂಡ ಮೆಟ್ಟದೆ ಓಡಿ ಬಂದರು. ನೋಡಿದರೆ ಆ ಹುಡುಗಿ ನನ್ನ ಬೆರಳನ್ನು ಬಿಡದೆ, ಹುಬ್ಬು ಗಂಟಿಕ್ಕಿ, ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ.

"ಎಳೀಬ್ಯಾಡಲೇ" ಎಂದು ಕೂಗಿದರು ಡಾಕ್ಟ್ರಮ್ಮ. "ಎಳೀಬ್ಯಾಡ. ಆಕಿ ಬಿಡೂತನಕ ಇರ್ಲಿ."

ಆಮೇಲೆ ಇಡೀ ಡೇರೆಗೆ ಕೇಳುವಂತೆ ನಕ್ಕರು. ಅಜ್ಜಿಯ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ಹಾಸಿಗೆ ಹಾಸಿಗೆಗೆ ಹೋಗಿ ಎಲ್ಲ ತಾಯಂದಿರಿಗೂ ನನ್ನ ಬೆರಳು ತೋರಿಸಿ ಬಂದರು. ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ಮತ್ತೆ ಕಂಡದ್ದು ಒಂದೇ ಸಲ: ಕೆಲವು ವಾರಗಳ ಮೇಲೆ, ಎರಡೂ ಕಡೆಯವರು ಮತ್ತೊಂದು ದಿನ ಗುಂಡು ನಿಲ್ಲಿಸಲು ಒಪ್ಪಿ, ಆ ಹುಡುಗಿ ಗುಂಡಗುಂಡಗಾಗಿ, ಅಜ್ಜಿಯ ತೊಡೆಯ ಮೇಲೆ ಕೂತು ಹರಿಗೋಲಿನಲ್ಲಿ ವಾಪಸು ಹೋಗುವಾಗ, ನಡುನೀರಿನಲ್ಲಿ ಸುತ್ತು ಬೇಕೆಂದು ಹಟ ಹಿಡಿದ ದಿನ. ಮುದುಕ ಆ ದಡದಲ್ಲಿ ಕಾಯುತ್ತಿದ್ದ. ಸಂಡೂರಿನವನು ತಿರುಗಿಸಿದ.

ಆ ಮೇಲೂ ಒಂದೆರಡು ಸಲ ಅವರ ಜೊತೆ ಹೋದೆ. ಕಾರ್ಖಾನೆ ಬಿಟ್ಟು ಇದನ್ನೇ ಕೆಲಸ ಮಾಡಿಕೊಂಡೆ. ಅವ್ವ ಈಗಲೂ ನನ್ನ ಮದುವೆಯ ಮಾತು ತೆಗೆದಾಗಲೆಲ್ಲ ಡಾಕ್ಟ್ರಮ್ಮನನ್ನು ಬೈಯುತ್ತಾಳೆ, ಬೈದು ಅವರ ಫೋಟೋಕ್ಕೆ ಹೂ ಇಡುತ್ತಾಳೆ.

ಮತ್ತೆ ಅದೇ ದೇಶಕ್ಕೆ ತಂಡ ಹೊರಡುವ ಹೊತ್ತಿಗೆ ಡಾಕ್ಟ್ರಮ್ಮ ಹಾಸಿಗೆ ಹಿಡಿದಿದ್ದರು. ಮುಖ್ಯಸ್ಥೆಯಾಗಿ ನನ್ನ ಹೆಸರು ಹೇಳಿದ್ದು ಅವರೇ. ಹೊರಡುವ ಮುನ್ನಾದಿನ ಹೊಸಪೇಟೆಯ ಅವರ ಮನೆಗೆ ಹೋದೆ. ಮೈ ಇಳಿದುಹೋಗಿತ್ತು, ಆ ಕೈ ಒಣಗಿ ಗುರುತುಗಳೆಲ್ಲ ಸುಕ್ಕಿನೊಳಗೆ ಸೇರಿಹೋಗಿದ್ದವು. ನನ್ನ ಬೆರಳು ಹಿಡಿದು ತಿರುಗಿಸಿ ಆ ಹುಡುಗಿಯ ಗುರುತು ಹುಡುಕಿದರು. ಅದು ಇತ್ತು. ನನಗೆ ಏನು ಮಾಡಬೇಕೋ ತೋಚದೆ ನನ್ನ ಎಡಗೈಯನ್ನು ಅವರ ಬಾಯಿಯ ಹತ್ತಿರ ಹಿಡಿದೆ.

"ಕಚ್ರಿ ಡಾಕ್ಟ್ರಮ್ಮಾ" ಎಂದೆ.

ಕಣ್ಣಲ್ಲಿ ನಕ್ಕರು. ಮಣಿಕಟ್ಟಿನ ಹತ್ತಿರ ಹಲ್ಲಿಟ್ಟರು, ನಾನು ಅವರಿಗೆ ಕಚ್ಚಿದ ಜಾಗದಲ್ಲೇ. ಹಲ್ಲಿನ ತಣ್ಣಗಿನ ಅಂಚು ತಾಕಿತು, ಅಷ್ಟೇ. ಒತ್ತಲು ಆಗಲಿಲ್ಲ. ಗುರುತು ಬೀಳಲಿಲ್ಲ. ನನ್ನ ಮುಖ ನೋಡಿ, ತುಂಬ ಮೆಲ್ಲಗೆ, "ಅಳಬ್ಯಾಡ, ಹೋಗು. ಐಸ್ ಕರಗಾಕತ್ತೈತಿ" ಎಂದರು.

ನಾನು ಅಲ್ಲಿಗೆ ತಲುಪಿ ಶಿಬಿರ ಶುರುವಾದ ಮೇಲೆ ಸುದ್ದಿ ಬಂತು. ಸಂಡೂರಿನವನು ಫೋನ್ ಹಿಡಿದುಕೊಂಡೇ ನನ್ನ ಪಕ್ಕ ಬಂದು ನಿಂತ. ಅವನ ಮುಖ ನೋಡಿದ ಕೂಡಲೇ ಗೊತ್ತಾಯಿತು. ಬಿಸಿಲೇರಿತ್ತು, ಮಕ್ಕಳ ಸಾಲು ಡೇರೆಯಿಂದ ಹೊಳೆಯವರೆಗೆ ಇತ್ತು, ಡಬ್ಬಿಯ ಮುಚ್ಚಳ ತೆರೆದಿತ್ತು. ನಾನು ಮುಚ್ಚಳ ಹಾಕಿ, ಮುಂದಿದ್ದ ಹುಡುಗನನ್ನು ಎಡಗೈಯಿಂದ ತಬ್ಬಿ ಹಿಡಿದು, ಸಂಡೂರಿನವನಿಗೆ "ಸೂಜಿ ಹಾಕು" ಎಂದೆ. ಹುಡುಗ ಕೊಸರಾಡಿ, ತಲೆ ತಿರುಗಿಸಿ, ನನ್ನ ಮಣಿಕಟ್ಟಿಗೆ ಬಾಯಿ ಹಾಕಿದ. ಬಲವಾಗಿ ಕಚ್ಚಿದ. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಅವನು ಬಿಡುವತನಕ ನಾನು ಕೈ ಎಳೆದುಕೊಳ್ಳಲಿಲ್ಲ.